ಬಿಚ್ಚುವ ಕೆಲಸ

ಹೊಸದುರ್ಗದ ಅಂಚಿನಲ್ಲಿದ್ದ ನಮ್ಮ ಮನೆಗೆ ಯಾರು ಬಂದರೂ ಮೊದಲು ಕಾಣುತ್ತಿದ್ದುದು ಮಗ್ಗ. ಬೀದಿ ಬಾಗಿಲು ದಾಟಿದ ಕೂಡಲೇ ನೆಲದಲ್ಲಿ ಸೊಂಟದ ಮಟ್ಟಕ್ಕೆ ತೋಡಿದ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಕಂಬಳಿ ನೇಯುತ್ತಿದ್ದ. ಮಗ್ಗದ ಹಿಂದೆ ನಡುಮನೆ, ಅಲ್ಲಿ ಉಣ್ಣೆಯ ಮೂಟೆಗಳು, ರಾಟೆ, ನಾವು ಮಲಗುವ ಚಾಪೆ. ಅದರ ಹಿಂದೆ ಅಡಿಗೆಮನೆ. ನೂಲಿಗೆ ಬಳಿಯಲೆಂದು ಹುಣಸೆಬೀಜವನ್ನು ನೆನೆಸಿ, ರುಬ್ಬಿ, ಕಾಯಿಸಿದ ಗಂಜಿ ಒಂದು ಹರವಿಯಲ್ಲಿ ಯಾವಾಗಲೂ ಇರುತ್ತಿತ್ತು. ಎರಡನೇ ದಿನಕ್ಕೆ ಅದು ಹಳಸಿದ ವಾಸನೆ ಹೊಡೆಯುತ್ತಿತ್ತು. ನನ್ನ ಲಂಗಕ್ಕೂ ತಲೆಗೂ ಆ ವಾಸನೆ ಹತ್ತಿ ಶಾಲೆಯಲ್ಲಿ ಪಕ್ಕದ ಹುಡುಗಿಯರು ಸರಿದು ಕೂರುತ್ತಿದ್ದರು. ಬಂದವರು ಮಗ್ಗ ನೋಡುತ್ತಿದ್ದರು, ಅಪ್ಪನನ್ನು ನೋಡುತ್ತಿದ್ದರು. ನಡುಮನೆಯ ಕೊನೆಯಲ್ಲಿ, ಹೆಂಚಿನ ನಡುವೆ ಕೂರಿಸಿದ ಗಾಜಿನಿಂದ ಬೆಳಕು ಬೀಳುವ ಕಡೆ ಅವ್ವ ಕೂತಿರುತ್ತಿದ್ದುದನ್ನು ನೋಡಿದವರು ಕಡಿಮೆ. ನೋಡಿದರೂ ಏನೋ ಮನೆಗೆಲಸ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು.

ಅಪ್ಪನ ಹೆಸರು ಬೀರಪ್ಪ. ಸುತ್ತಲ ಹಳ್ಳಿಗಳಲ್ಲಿ ಅವನಿಗಿಂತ ಚೆನ್ನಾಗಿ ನೇಯುವವರು ಇದ್ದರು. ಅವನಷ್ಟು ಚೆನ್ನಾಗಿ ಕಲಿಸುವವರು ಇರಲಿಲ್ಲ ಎಂಬುದು ಎಲ್ಲರೂ ಒಪ್ಪಿದ ಮಾತು. ಅವನಿಗೆ ಕೆಲಸ ಕಲಿಸಿದವನು ಅವನ ಸೋದರಮಾವ. ಆ ಮಾವ ಒಂದು ಎಳೆ ತಪ್ಪಿದರೆ ಅಡ್ಡನೂಲು ದಾಟಿಸುವ ಮರದ ಲಾಳಿಯಲ್ಲೇ ಹೊಡೆಯುತ್ತಿದ್ದನಂತೆ. ಅಪ್ಪನ ಎಡಗಿವಿಯ ಹಿಂದೆ ಕೂದಲು ಬಾರದ ಒಂದು ಗೆರೆ ಇತ್ತು. ತಲೆಗೆ ಎಣ್ಣೆ ಹಚ್ಚುವಾಗ ನನ್ನ ಬೆರಳು ಅಲ್ಲಿ ನಿಲ್ಲುತ್ತಿತ್ತು. "ನನ್ನ ಕೈಕೆಳಗೆ ಕಲಿಯೋನಿಗೆ ನಾನು ಬೆರಳು ಸೋಕಿಸಲ್ಲ, ಒಂದು ಕೆಟ್ಟ ಮಾತು ಆಡಲ್ಲ" ಎಂದು ಹದಿನಾಲ್ಕನೇ ವಯಸ್ಸಿನಲ್ಲೇ ಶಪಥ ಮಾಡಿದ್ದಾಗಿ ಅವನು ಹೇಳುತ್ತಿದ್ದ. ಅದು ಸುಳ್ಳಲ್ಲ. ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಹೊಸಬರು ಬಂದು ಗುಂಡಿಗಿಳಿದರೆ ಅಪ್ಪ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದ. ಅವರು ಲಾಳಿಯನ್ನು ನೆಲಕ್ಕೆ ಬೀಳಿಸಿದರೆ ತಾನೇ ಎತ್ತಿ ಕೊಡುತ್ತಿದ್ದ. ನೂಲನ್ನು ಬಿಗಿಯಾಗಿ ಎಳೆದು ಕಂಬಳಿಯ ನಡು ಹೆಣ್ಣುಮಕ್ಕಳ ಸೊಂಟದ ಹಾಗೆ ಸಣ್ಣಗಾಗಿ ಹೋದರೂ, ಎಳೆಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟರೂ, ಅವನ ದನಿ ಏರುತ್ತಿರಲಿಲ್ಲ.

"ಪರವಾಗಿಲ್ಲಪ್ಪ. ಇವತ್ತು ಕೈಗೆ ತಿಳೀಲಿಲ್ಲ, ನಾಳೆ ತಿಳಿತೈತೆ. ಇದನ್ನ ತೆಗ್ದು ಆ ಕಡೆ ಇಡು."

ಆ ಕಡೆ ಎಂದರೆ ಅವ್ವನ ಕಡೆ. ಉಣ್ಣೆಯ ನೂಲನ್ನು ಎಸೆಯುವಷ್ಟು ಸಿರಿ ನಮ್ಮಲ್ಲಿರಲಿಲ್ಲ. ಕೆಟ್ಟ ನೇಯ್ಗೆಯನ್ನು ಬಿಚ್ಚಲೇಬೇಕು, ನೂಲನ್ನು ಉಳಿಸಲೇಬೇಕು. ಗಂಜಿ ಕುಡಿದು ಒಣಗಿದ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಜೋರಾಗಿ ಎಳೆದರೆ ಹರಿಯುತ್ತವೆ, ಮೆಲ್ಲಗೆ ಎಳೆದರೆ ಬರುವುದಿಲ್ಲ. ಅವ್ವ ಬಟ್ಟಲಲ್ಲಿ ನೀರಿಟ್ಟುಕೊಂಡು, ಬೆರಳು ಅದ್ದಿ, ಒಂದೊಂದೇ ಎಳೆಯನ್ನು ನೆನೆಸಿ, ಉಗುರಿನಿಂದ ಎಬ್ಬಿಸಿ, ಬಿಡಿಸಿ, ಹರಿದಲ್ಲಿ ಗಂಟು ಹಾಕಿ, ಮತ್ತೆ ಹುರಿಗೊಳಿಸಿ ಸುತ್ತುತ್ತಿದ್ದಳು. ಕಲಿಯುವವನು ಒಂದು ಮಧ್ಯಾಹ್ನದಲ್ಲಿ ಕೆಡಿಸಿದ್ದನ್ನು ಬಿಚ್ಚಲು ಅವಳಿಗೆ ಎರಡು ದಿನ ಬೇಕಾಗುತ್ತಿತ್ತು. ಬೆಳಗಿನ ರೊಟ್ಟಿ, ನೀರು, ಎಮ್ಮೆ, ರಾತ್ರಿಯ ಮುದ್ದೆ ಇವೆಲ್ಲದರ ನಡುವೆ ಆ ಎರಡು ದಿನ. ಕಲಿಯಲು ಬಂದವರಿಗೆ ಮಧ್ಯಾಹ್ನದ ಊಟ ಹಾಕುವವಳೂ ಅವಳೇ.

ನನಗೆ ಒಂಬತ್ತು ವರ್ಷವಾದಾಗ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಿಚ್ಚುವುದನ್ನು ಕಲಿಸಿದಳು. ಅದು ಅಪ್ಪನ ಕಲಿಸುವಿಕೆಯ ಹಾಗಿರಲಿಲ್ಲ. ಹರಿದರೆ ಮೊಣಕೈಗೆ ಚಿವುಟುತ್ತಿದ್ದಳು. "ಕಣ್ಣು ಎಲ್ಲಿ ಇಟ್ಟೀಯ?" ಅನ್ನುತ್ತಿದ್ದಳು. ಅಪ್ಪನ ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಕೂತು ನಾನು ಚಿವುಟಿಸಿಕೊಳ್ಳುತ್ತಿದ್ದೆ. ಆಗ ನನಗೆ ಅವ್ವ ಕೆಟ್ಟವಳು, ಅಪ್ಪ ದೇವರು. ಒಂದು ದಿನ ಮಗ್ಗ ಖಾಲಿ ಇದ್ದಾಗ ಧೈರ್ಯ ಮಾಡಿ ಅಪ್ಪನನ್ನು ಕೇಳಿದೆ.

"ಅಪ್ಪಾ, ನಂಗೂ ನೇಯೋದು ಕಲಿಸು."

ಅವನು ನಕ್ಕು ನನ್ನ ತಲೆ ಸವರಿದ. ಬೈಯಲಿಲ್ಲ, ಹೊಸಬರಿಗೆ ಹೇಳುವ ಅದೇ ದನಿಯಲ್ಲಿ ಹೇಳಿದ. "ಹೆಣ್ಮಕ್ಕಳು ಗುಂಡಿಗೆ ಇಳಿಬಾರದು ಕಣವ್ವ. ನಿಮ್ಮವ್ವನ ಹತ್ರ ಕಲ್ತ್ಕ, ಅದೂ ದೊಡ್ಡ ವಿದ್ಯೆನೇ."

ಆ ದೊಡ್ಡ ವಿದ್ಯೆಗೆ ಹೆಸರೇ ಇರಲಿಲ್ಲ. ಯಾರೂ ಬಿಚ್ಚುವುದನ್ನು ಕಲಿಯುತ್ತೇನೆಂದು ನಮ್ಮ ಮನೆ ಹುಡುಕಿಕೊಂಡು ಬರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ದಸರೆ ಕಳೆದ ಮೇಲೆ, ತಿಪ್ಪಣ್ಣ ಬಂದ. ಹೊಳಲ್ಕೆರೆ ಕಡೆಯವನು. ಅಲ್ಲೊಂದು ಅದಿರಿನ ಗಣಿಯಲ್ಲಿ ಹಾರೆ ಹಿಡಿದಿದ್ದನಂತೆ. ಗಣಿ ನಿಂತುಹೋಯಿತು, ಇವನ ಕೆಲಸ ಹೋಯಿತು. ನಲವತ್ತು ದಾಟಿದ ಆಳು. ಅದುವರೆಗೆ ಬಂದವರೆಲ್ಲ ಕಂಬಳಿ ಮನೆತನದ ಹುಡುಗರು, ಹುಟ್ಟಿನಿಂದ ಮಗ್ಗದ ಸದ್ದು ಕೇಳಿದವರು. ತಿಪ್ಪಣ್ಣನ ಮನೆಯಲ್ಲಿ ಯಾರೂ ನೂಲು ಮುಟ್ಟಿದವರಲ್ಲ. ಹಾರೆ ಹಿಡಿದು ಮರಗಟ್ಟಿದ ಅವನ ಅಂಗೈಯಲ್ಲಿ ಲಾಳಿ ಬೆಂಕಿಪೊಟ್ಟಣದ ಹಾಗೆ ಕಾಣುತ್ತಿತ್ತು. ಎಳೆ ಬಿಗಿಯಾಗಿದೆಯೋ ಸಡಿಲವೋ ಆ ಕೈಗೆ ಗೊತ್ತಾಗುತ್ತಿರಲಿಲ್ಲ. ಅವನು ಒಳ್ಳೆಯವನು ಎಂಬುದನ್ನೂ ಹೇಳಬೇಕು. ಎಂಟು ಮೈಲಿ ನಡೆದು ಬರುತ್ತಿದ್ದ. ಬರುವಾಗ ನನಗೆ ಸೀತಾಫಲವೋ ಕಾರೆಹಣ್ಣೋ ತರುತ್ತಿದ್ದ. ಉಣ್ಣುವಾಗ ಎರಡನೇ ಸಲ ಸಾರು ಬೇಡಲು ನಾಚುತ್ತಿದ್ದ.

"ಯಜಮಾನ್ರೆ, ನನ್ ಕೈಗೆ ಇದು ಬರ್ತೈತಾ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದ.

"ಬರ್ದೆ ಎಲ್ಲಿಗೋಗ್ತೈತೆ ತಿಪ್ಪಣ್ಣ? ಕಲ್ಲು ಒಡೆದ ಕೈ. ನಿಧಾನಕ್ಕೆ ಮೆತ್ತಗಾಗ್ತೈತೆ" ಎನ್ನುತ್ತಿದ್ದ ಅಪ್ಪ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಕೈ ಮೆತ್ತಗಾಗಲಿಲ್ಲ. ಊರವರು ನಮ್ಮ ಜಗಲಿಯಲ್ಲಿ ಕೂತು ಇದನ್ನು ನೋಡುವುದೇ ಒಂದು ಹೊತ್ತು ಕಳೆಯುವ ದಾರಿಯಾಯಿತು. "ಬೀರಪ್ಪನ ತಾಳ್ಮೆಗೆ ಸಾಟಿ ಇಲ್ಲ ಬಿಡ್ರಿ. ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ಒದ್ದು ಓಡಿಸಿರೋರು" ಎಂದು ಸಂತೆಯಲ್ಲೂ ಮಾತಾಯಿತು. ಅಪ್ಪ ತಲೆ ತಗ್ಗಿಸಿ ನಗುತ್ತಿದ್ದ. ಆ ಮಾತು ಅವನಿಗೆ ಬೇಕಾಗಿತ್ತು, ಅದು ನನಗೆ ಆಗ ತಿಳಿಯಲಿಲ್ಲ. ಒಳಗೆ ಅವ್ವನ ಎದುರು ತಿಪ್ಪಣ್ಣ ಕೆಡಿಸಿದ ತುಂಡುಗಳು ಒಂದರ ಮೇಲೊಂದು ಬೀಳುತ್ತಿದ್ದವು. ನಾನು ಮಧ್ಯಾಹ್ನ ಊಟಕ್ಕೆ ಬಂದವಳು ಶಾಲೆಗೆ ವಾಪಸು ಹೋಗುವುದನ್ನು ಬಿಟ್ಟೆ. ಏಳನೇ ಕ್ಲಾಸಿಗೆ ದೊಡ್ಡ ಪರೀಕ್ಷೆ. ನಮ್ಮ ಮೇಷ್ಟ್ರು ಎರಡು ಸಲ ಹೇಳಿಕಳಿಸಿದರು. ಎರಡು ಸಲವೂ ಅಪ್ಪ "ಕಳಿಸ್ತೀನಿ ಅಂತ ಹೇಳ್ರಪ್ಪ" ಎಂದ. ಆಮೇಲೆ ನನಗೆ ಹೋಗು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಗುಡ್ಡೆ ಇತ್ತು, ನಾನು ಕೂತೆ, ಅಷ್ಟೆ.

ಆ ಚಳಿಗಾಲದಲ್ಲಿ ಅವ್ವನ ಬೆರಳ ತುದಿಗಳು ಒಡೆದವು. ದಿನವಿಡೀ ನೀರು, ಗಂಜಿ, ಒರಟು ನೂಲು. ಮೊದಲು ಬಿರುಕು, ಆಮೇಲೆ ಸೀಳು. ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತುತ್ತಿದ್ದಳು, ಬಟ್ಟೆ ಸುತ್ತಿದರೆ ಎಳೆ ಸಿಗುವುದಿಲ್ಲವೆಂದು ಮತ್ತೆ ಬಿಚ್ಚುತ್ತಿದ್ದಳು. ಶಿವರಾತ್ರಿಯ ಮಾರನೇ ದಿನ ಮಧ್ಯಾಹ್ನ ಅವಳು ಮುದ್ದೆ ಕಟ್ಟಲು ಕೂತಳು. ಬಿಸಿ ಹಿಟ್ಟಿಗೆ ಕೈ ಹಾಕಿದವಳು ಹಾಗೇ ಕೈ ಹಿಂದಕ್ಕೆ ತೆಗೆದುಕೊಂಡಳು. ಇನ್ನೊಂದು ಸಲ ಹಾಕಿದಳು, ತೆಗೆದಳು. ಆಮೇಲೆ ಹಿಟ್ಟನ್ನು ಕೋಲಿನಿಂದ ತಟ್ಟೆಗೆ ಬಳಿದು ಮೂವರ ಮುಂದೆ ಇಟ್ಟಳು. ಅಪ್ಪ, ತಿಪ್ಪಣ್ಣ, ನಾನು. ಅಪ್ಪ ತಟ್ಟೆ ನೋಡಿದ.

"ಇದೇನಿದು, ಮುದ್ದೆ ಕಟ್ಟಿಲ್ಲ?"

ಅವ್ವ ಅಪ್ಪನ ಜೊತೆ ನೇರ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಏನಿದ್ದರೂ "ನಿಮ್ಮಪ್ಪಂಗೆ ಹೇಳು" ಎಂದು ನನ್ನ ಮೂಲಕ ದಾಟಿಸುತ್ತಿದ್ದಳು. ಅವತ್ತು ಎದುರು ನಿಂತು ಎರಡೂ ಕೈ ಚಾಚಿ ತೋರಿಸಿದಳು.

"ಊರೋರೆಲ್ಲ ನಿಮ್ಮ ತಾಳ್ಮೆ ಹೊಗಳ್ತಾರಲ್ಲ, ನೋಡ್ರಿ, ಇಲ್ಲೈತೆ ಅದು. ಇವತ್ತಿಂದ ನಾನು ಬಿಚ್ಚಲ್ಲ. ನನ್ನ ಮಗಳೂ ಬಿಚ್ಚಲ್ಲ."

ತಿಪ್ಪಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಅಪ್ಪ ಪರಮಶಾಂತನಾಗಿ, "ಹೊರಗಿನೋರ ಮುಂದೆ ಹಿಂಗಾ ಮಾತಾಡೋದು? ಆತು ಬಿಡು, ನಾನೇ ಬಿಚ್ಕಂತೀನಿ. ಅದೇನು ಬ್ರಹ್ಮವಿದ್ಯೆನಾ?" ಎಂದ. ಮೂರು ವರ್ಷದ ಹಿಂದೆ ನನಗೆ ಅದನ್ನೇ ದೊಡ್ಡ ವಿದ್ಯೆ ಎಂದಿದ್ದನ್ನು ಅವನು ಮರೆತಿದ್ದ.

ಮೊದಲ ದಿನ ಅಪ್ಪ ನಿಜಕ್ಕೂ ಕೂತ. ಅವ್ವನ ಬಟ್ಟಲು, ಅವ್ವನ ಜಾಗ. ಅವನ ದಪ್ಪ ಬೆರಳಿಗೆ ಎಳೆ ಸಿಗಲಿಲ್ಲ. ಸಿಕ್ಕಿದ್ದು ಹರಿಯಿತು. "ಇದೇನಿದು ಹಿಂಗೆ ಕಿತ್ಕಂಡು ಬರ್ತೈತೆ!" ಎಂದು ತನ್ನಷ್ಟಕ್ಕೆ ಗೊಣಗಿದ. ಸಂಜೆಗೆ ಗೇಣುದ್ದ ಬಿಚ್ಚಿದ್ದ, ಅರ್ಧ ನೂಲು ಕೈಬಿಟ್ಟಿತ್ತು. ಎರಡನೇ ದಿನ ಸ್ವಲ್ಪ ಹೊತ್ತು ಕೂತ. ಮೂರನೇ ದಿನ ಕೆಟ್ಟ ತುಂಡನ್ನು ಮೂಲೆಗೆ ಸರಿಸಿದ. ಅವ್ವ ಅದರ ಪಕ್ಕದಲ್ಲೇ ಓಡಾಡಿದಳು, ತಿರುಗಿ ನೋಡಲಿಲ್ಲ. ನಾನು ಮಧ್ಯಾಹ್ನ ಶಾಲೆಗೆ ಹೋಗತೊಡಗಿದೆ. ಆದರೆ ಬೆಳಿಗ್ಗೆ ಸಂಜೆ ಮನೆಯಲ್ಲಿ ಇರುತ್ತಿದ್ದೆನಲ್ಲ, ಅಪ್ಪನ ಮಾತು ಕಿವಿಗೆ ಬೀಳುತ್ತಿತ್ತು. "ನೋಡಪ್ಪ ತಿಪ್ಪಣ್ಣ" ಎನ್ನುತ್ತಿದ್ದವನು ವಾರದೊಳಗೆ "ನೋಡು ತಿಪ್ಪ" ಎಂದ. ಆಮೇಲೆ "ನೋಡ್ಲೇ" ಎಂದ. ಹೆಸರು ದಿನದಿನಕ್ಕೆ ಮೊಟಕಾಯಿತು. ತಿಪ್ಪಣ್ಣ ಹೆದರಿ ಎಳೆಯನ್ನು ಇನ್ನೂ ಬಿಗಿಯಾಗಿ ಎಳೆಯತೊಡಗಿದ. ಬಿಗಿದಷ್ಟೂ ಕೆಡುತ್ತಿತ್ತು, ಕೆಟ್ಟಷ್ಟೂ ಮೂಲೆಯ ಗುಡ್ಡೆ ಬೆಳೆಯುತ್ತಿತ್ತು. ನಡುಮನೆಯ ಮೂಟೆಗಳು ಬರಿದಾಗುತ್ತಾ ಬಂದವು. ಕುರಿ ಉಣ್ಣೆ ಕತ್ತರಿಸಲು ಇನ್ನೂ ತಿಂಗಳುಗಳಿದ್ದವು.

ಹತ್ತನೇ ದಿನ ಭಾನುವಾರ, ನಾನು ಮನೆಯಲ್ಲೇ ಇದ್ದೆ. ಕೊನೆಯ ಮೂಟೆಯ ನೂಲು ಮಗ್ಗದ ಮೇಲಿತ್ತು. ತಿಪ್ಪಣ್ಣ ನೇಯುತ್ತಿದ್ದ, ಅಪ್ಪ ಪಕ್ಕದಲ್ಲಿ ನಿಂತಿದ್ದ, ಕೂತಿರಲಿಲ್ಲ. ಅಂಚು ಮತ್ತೆ ಒಳಕ್ಕೆ ಎಳೆದುಕೊಂಡಿತು.

"ಬಿಗಿ ಎಳೀಬ್ಯಾಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ?"

"ಯಜಮಾನ್ರೆ, ನನ್ ಕೈಗೆ..."

"ನಿನ್ ಕೈ ಸುಡ್ಲಿ!"

ಅಪ್ಪ ಬಗ್ಗಿ ತಿಪ್ಪಣ್ಣನ ಕೈಯಿಂದ ಲಾಳಿ ಕಿತ್ತುಕೊಂಡಿದ್ದು, ಎಸೆದದ್ದು ಒಂದೇ ಉಸಿರಿನಲ್ಲಿ ಆಯಿತು. ಅಷ್ಟು ಹತ್ತಿರದಿಂದ ಎಸೆದ ಮರದ ಲಾಳಿ ತಿಪ್ಪಣ್ಣನ ಹುಬ್ಬಿನ ಮೇಲೆ ಬಿತ್ತು. ರಕ್ತ ಕಣ್ಣಿಗಿಳಿಯಿತು, ಅಲ್ಲಿಂದ ಕಂಬಳಿಯ ಮೇಲೆ ಎರಡು ಹನಿ. ತಿಪ್ಪಣ್ಣ ಹೆಗಲ ವಲ್ಲಿ ತೆಗೆದು ಮೊದಲು ಕಂಬಳಿಯ ಮೇಲಿನ ರಕ್ತ ಒರೆಸಿದ. ಕಲೆ ಆಗಬಾರದೆಂದು ಎರಡು ಮೂರು ಸಲ ಉಜ್ಜಿದ. ಆಮೇಲೆ ಅದೇ ವಲ್ಲಿಯನ್ನು ಹಣೆಗೆ ಒತ್ತಿ ಹಿಡಿದು, ಗುಂಡಿಯಿಂದ ಮೇಲೆ ಬಂದು, ಮಗ್ಗಕ್ಕೆ ಕೈಮುಗಿದು ಹೊರಟುಹೋದ. ಅವ್ವ ಅರಿಶಿನದ ಬಟ್ಟಲು ಹಿಡಿದು ಬೀದಿಯವರೆಗೆ ಓಡಿದಳು. ಅವನು ನಿಲ್ಲಲಿಲ್ಲ.

ಅಪ್ಪ ಗುಂಡಿಯೊಳಗೆ ಇಳಿದು ಕೂತ. ಉಣ್ಣಲು ಏಳಲಿಲ್ಲ. ಒಂದು ಸಲ ಕೈ ಎತ್ತಿ ಕಿವಿಯ ಹಿಂದೆ ಮುಟ್ಟಿಕೊಂಡದ್ದನ್ನು ನೋಡಿದೆ. ನನಗೆ ಅವನ ಮೇಲೆ ತುಂಬ ಮರುಕ ಬಂತು. ನೀರು ಕೊಂಡುಹೋಗಿ ಕೊಟ್ಟೆ. ಅವನು ಕುಡಿದು, ಅಡಿಗೆಮನೆ ಕಡೆ ನೋಡಿ, ಅವ್ವನಿಗೂ ಕೇಳಿಸುವ ಹಾಗೆ ಹೇಳಿದ: "ಇಪ್ಪತ್ತು ವರ್ಷ ಕಾಪಾಡ್ಕಂಡು ಬಂದಿದ್ದೆ. ಒಂದು ಹೆಂಗಸಿನ ಹಟಕ್ಕೆ ಹೋಯ್ತು." ಅವ್ವ ಒಲೆಗೆ ಸೌದೆ ಮುರಿಯುತ್ತಿದ್ದಳು. ಮುರಿಯುತ್ತಲೇ ಇದ್ದಳು.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಅಪ್ಪ ಎಂಟು ಮೈಲಿ ನಡೆದು ತಿಪ್ಪಣ್ಣನ ಊರಿಗೆ ಹೋದ. ಅಲ್ಲಿ ಅವನ ಕಾಲು ಹಿಡಿದನಂತೆ, ನಡುಬೀದಿಯಲ್ಲಿ, ನೆರೆಹೊರೆಯವರ ಎದುರು. ಊರಿನವರು ಅದನ್ನೂ ಹೊಗಳಿದರು. ಕಲಿಸುವವನು ಕಲಿಯುವವನ ಕಾಲು ಹಿಡಿದದ್ದನ್ನು ಯಾರು ಕಂಡಿದ್ದರು? ಮಂಗಳವಾರ ಅವರು ಒಟ್ಟಿಗೆ ಬಂದರು: ಅಪ್ಪ, ಹುಬ್ಬಿಗೆ ಬಟ್ಟೆ ಕಟ್ಟಿದ ತಿಪ್ಪಣ್ಣ, ತಿಪ್ಪಣ್ಣನ ಹೆಂಡತಿ. ಸಣಕಲು ಹೆಂಗಸು, ಸೆರಗಿನಲ್ಲಿ ಒಂದಿಷ್ಟು ಅವರೆಕಾಯಿ ಕಟ್ಟಿಕೊಂಡು ಬಂದಿದ್ದಳು. ಆಗ ನನ್ನ ಮನಸ್ಸಿನಲ್ಲಿದ್ದುದನ್ನು ಹೇಳುತ್ತೇನೆ. ಅಪ್ಪ ಹೊರಗಿನವನ ಕಾಲು ಹಿಡಿದು ಬಂದಿದ್ದಾನೆ, ಈಗ ಒಳಗೆ ಬಂದು ಅವ್ವನಿಗೂ ಒಂದು ಮಾತು ಹೇಳುತ್ತಾನೆ ಎಂದು ನಾನು ಬಾಗಿಲ ಸಂದಿಯಲ್ಲಿ ಕಾದು ನಿಂತಿದ್ದೆ. ಒಳಗೆ ಬಂದವಳು ತಿಪ್ಪಣ್ಣನ ಹೆಂಡತಿ. ಬಂದವಳೇ ಅವರೆಕಾಯಿ ಕೆಳಗಿಟ್ಟು ಅವ್ವನ ಕಾಲಿಗೆ ಬಿದ್ದಳು.

"ನಮ್ಮದು ತಪ್ಪಾತು ತಾಯಿ. ಯಜಮಾನ್ರು ಎಲ್ಲಾ ಹೇಳಿದ್ರು. ನಮ್ಮಿಂದ ನಿಮಗೆ ಬ್ಯಾಸರ ಆಗೈತಂತೆ. ಮನೇಲಿ ದಿನಾ ಜಗಳ ಆಗಿ, ಅವರ ತಲೆ ಕೆಟ್ಟು, ಕೈ ತಪ್ತಂತೆ. ಅವರು ದೇವ್ರಂಥೋರು. ನಮ್ಮ ಮ್ಯಾಲಿನ ಸಿಟ್ಟು ಅವರ ಮ್ಯಾಲೆ ತೀರಿಸ್ಕಬ್ಯಾಡ್ರಿ. ಇವರಿಗೆ ಇದೊಂದು ಕೆಲ್ಸ ಬಂದ್ರೆ ನಮ್ಮ ನಾಲ್ಕು ಜೀವ ಬದುಕ್ತವೆ."

ಅವ್ವ ತಲೆಯೆತ್ತಿ ಮಗ್ಗದ ಕಡೆ ನೋಡಿದಳು. ಅಪ್ಪ ಬಾಗಿ ಎಳೆ ಸರಿಮಾಡುತ್ತಿದ್ದ. ಆ ಹೆಂಗಸಿನ ಮಾತು ಅವನಿಗೆ ಕೇಳಿಸಿತ್ತು, ಮೂರು ಮಾರು ದೂರವಿರಲಿಲ್ಲ. ಅವನು ತಿರುಗಲಿಲ್ಲ. ಮನೆಯಲ್ಲಿ ಒಂದು ದಿನವೂ ಜಗಳ ಆಗಿರಲಿಲ್ಲ ಎಂದು ನಾನು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಅವ್ವ ಕಣ್ಣಿನಲ್ಲೇ ನನ್ನನ್ನು ತಡೆದಳು. ಆಮೇಲೆ ಆ ಹೆಂಗಸಿನ ಭುಜ ಹಿಡಿದು ಎಬ್ಬಿಸಿದಳು.

"ಏಳಮ್ಮ, ಕಾಲಿಗೆ ಬೀಳಬ್ಯಾಡ. ನನಗೆ ನಿಮ್ಮ ಮ್ಯಾಲೆ ಯಾವ ಸಿಟ್ಟೂ ಇಲ್ಲ. ದೂರದಿಂದ ನಡೆದು ಬಂದೀರಿ, ಕುಂತ್ಕಳ್ರಿ. ಉಂಡು ಹೋಗಿರಂತೆ."

ಅವಳ ಅವರೆಕಾಯಿಯನ್ನೇ ಸುಲಿದು ಸಾರು ಮಾಡಿದಳು. ಮುದ್ದೆಯನ್ನೂ ಕಟ್ಟಿದಳು, ಕೈ ತಣ್ಣೀರಿನಲ್ಲಿ ಅದ್ದಿ ಅದ್ದಿ ನಾಲ್ಕು ಮುದ್ದೆ. ಅಪ್ಪ ಉಂಡ. ಊಟವಾದ ಮೇಲೆ ತಿಪ್ಪಣ್ಣನನ್ನು ಗುಂಡಿಗಿಳಿಸಿ, ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಎಂದಿನ ಮೆತ್ತನೆಯ ದನಿಯಲ್ಲಿ ಹೇಳಿಕೊಡಲು ಶುರುಮಾಡಿದ. ಮಗ್ಗದ ಮೇಲೆ ಇದ್ದದ್ದು ಕೊನೆಯ ನೂಲು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂಲೆಯ ಗುಡ್ಡೆ ಬಿಚ್ಚದಿದ್ದರೆ ನಾಳೆ ಅಪ್ಪನ ಕೈಗೂ ಕೆಲಸವಿಲ್ಲ, ಒಲೆಗೂ ಇಲ್ಲ. ಅವ್ವ ಪಾತ್ರೆ ತೊಳೆದು, ಬಟ್ಟಲಿಗೆ ನೀರು ತುಂಬಿ, ಗಾಜಿನ ಬೆಳಕಿಗೆ ಬಂದು ಕೂತು, ಎಲ್ಲಕ್ಕಿಂತ ಕೆಳಗಿನ ತುಂಡನ್ನು ಎಳೆದುಕೊಂಡಳು. ನಾನು ರೂಢಿಯಂತೆ ಅವಳ ಎದುರಿಗೆ ಕೂತು ಇನ್ನೊಂದು ತುದಿ ಹಿಡಿದೆ.

"ಕೈ ತೆಗಿ" ಎಂದಳು.

"ಯಾಕವ್ವಾ?"

"ತೆಗಿ ಅಂದೆ. ನೀನು ಇದನ್ನ ಮರ್ತುಬಿಡು. ನಾನು ಕಲಿಸ್ಲೂ ಇಲ್ಲ, ನೀನು ಕಲೀಲೂ ಇಲ್ಲ. ಎದ್ದು ಶಾಲೆಗೆ ನಡಿ."

"ಇಷ್ಟೊಂದು ಐತಲ್ಲವ್ವ, ಒಬ್ಬಳೇ ಯಾವಾಗ ಮುಗಿಸ್ತೀಯ?"

"ಮುಗಿಯಲ್ಲ ಕೆಂಚಿ ಇದು. ಇಬ್ಬರು ಕುಂತ್ರೂ ಮುಗಿಯಲ್ಲ. ಹೋಗು."

ಆ ವರ್ಷದ ಪರೀಕ್ಷೆಯಲ್ಲಿ ನಾನು ಪಾಸಾದೆ. ಆಮೇಲೆ ಚಿತ್ರದುರ್ಗದ ಹಾಸ್ಟೆಲಿಗೆ ಹೋದೆ, ಓದಿದೆ, ಸಂಬಳ ತರುವ ಕೆಲಸ ಸಿಕ್ಕಿತು. ತಿಪ್ಪಣ್ಣ ಮುಂದಿನ ದೀಪಾವಳಿಯ ಹೊತ್ತಿಗೆ ನೇಯುವುದನ್ನು ಕಲಿತ. ಅವನ ಕಂಬಳಿ ತೋರಿಸಿ ಅಪ್ಪ ಎಲ್ಲರಿಗೂ ಕಥೆ ಹೇಳಿದ, ಲಾಳಿಯ ಕಥೆ ಬಿಟ್ಟು. ಅವ್ವನ ಬೆರಳ ಸೀಳುಗಳು ಎಂದೂ ಪೂರಾ ಕೂಡಲಿಲ್ಲ. ಇವೆಲ್ಲವನ್ನೂ ಕೇಳಿದವರಿಗೆ ಹೇಳಿದ್ದೇನೆ, ಅಪ್ಪನನ್ನು ಬೈದಿದ್ದೇನೆ, ಅತ್ತಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಆ ಮಂಗಳವಾರ ಮಧ್ಯಾಹ್ನದ್ದು. ಅವ್ವ ಹೋಗು ಅಂದಾಗ ನಾನು ಎದ್ದೆ, ಚೀಲ ತಗೊಂಡೆ, ಮಗ್ಗದ ಪಕ್ಕದಲ್ಲೇ ದಾಟಿ ಬೀದಿಗಿಳಿದೆ. ಅವಳು ಒಬ್ಬಳೇ ಆದಳಲ್ಲ ಎಂದು ನನಗೆ ಅನ್ನಿಸಲಿಲ್ಲ. ಇನ್ನು ಆ ಗುಡ್ಡೆ ನನ್ನದಲ್ಲ ಎಂದು ಖುಷಿಯಾಯಿತು. ತಿರುವಿನವರೆಗೆ ನಡೆದೆ, ಅವಳು ಮತ್ತೆ ಕರೆದುಬಿಟ್ಟಾಳು ಎಂದು ಹೆದರಿಕೆಯಾಗಿ ಅಲ್ಲಿಂದ ಶಾಲೆಯವರೆಗೂ ಓಡಿದೆ.